ಕಂಪನಿಗೆ ಬೆರಳಿರುವುದಿಲ್ಲ

ಬೆಳಗಿನ ಆರು ಗಂಟೆ. ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಶೆರಿಫ್ ಅವರ ಕಚೇರಿಯ ನೆಲಮಾಳಿಗೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಆರ್ಡಿಸ್ ಲೊಕೆನ್ ಗಾಜಿನ ಹಲಗೆಯ ಮೇಲೆ ಜೋಳದ ಕಾಳಿನಷ್ಟು ಕಪ್ಪು ಶಾಯಿ ಹಿಂಡುತ್ತಾರೆ. ರಬ್ಬರಿನ ಪುಟ್ಟ ಲಟ್ಟಣಿಗೆಯಿಂದ ಅದನ್ನು ಉದ್ದಕ್ಕೆ ತಳ್ಳುತ್ತಾರೆ, ಅಡ್ಡಕ್ಕೆ ಎಳೆಯುತ್ತಾರೆ, ಮತ್ತೆ ಉದ್ದಕ್ಕೆ. ಹರಡಿ ಹರಡಿ ಕೊನೆಗೆ ಅದನ್ನು ಶಾಯಿ ಎನ್ನುವುದಕ್ಕಿಂತ ನೆರಳು ಎನ್ನಬೇಕು, ಅಷ್ಟು ತೆಳ್ಳಗಾಗುತ್ತದೆ. ಆಗ ತಲೆಯೆತ್ತಿ, ಎದುರು ನಿಂತ ಶಾಲಾ ಬಸ್ಸಿನ ಚಾಲಕ ಕ್ಲಿಂಟ್ ವೀಡರ್‌ನ ಬಲಗೈಯನ್ನು ಕೇಳದೆಯೇ ಎತ್ತಿಕೊಳ್ಳುತ್ತಾರೆ.

"ಸಹಾಯ ಮಾಡ್ಬೇಡ ಕ್ಲಿಂಟ್."

"ನಾನೆಲ್ಲಿ ಮಾಡ್ತಿದೀನಿ?"

"ಬೆರಳು ತಾನಾಗೇ ಉರುಳ್ತಿದೆ. ಸತ್ತ ಮೀನಿನ ಹಾಗೆ ಬಿಟ್ಬಿಡು ಕೈನ."

"ಮನೇಲಿ ನಾನು ಯಾವಾಗ್ಲೂ ಹಾಗೇ ಬಿದ್ದಿರ್ತೀನಿ ಅಂತಾಳೆ ನನ್ನ ಹೆಂಡ್ತಿ."

"ಮತ್ತೆ ಇಲ್ಲಿ ಯಾಕಪ್ಪ ಕೆಲಸ ತೋರಿಸ್ತೀಯ? ಗೋಡೆ ನೋಡು."

ಗೋಡೆಯ ಮೇಲೆ ಗೋಧಿ ಮಂಡಿಯವರು ಕೊಟ್ಟ ಕ್ಯಾಲೆಂಡರ್, ಅದರಲ್ಲಿ ಎರಡು ಬಾತುಕೋಳಿ. ಬೆರಳಚ್ಚು ಕೊಡಲು ಬಂದವರೆಲ್ಲ ನೋಡಬೇಕಾದದ್ದು ಅದನ್ನೇ. ಕೈ ನೋಡಿದವನು ಕೈಗೆ ಬುದ್ಧಿ ಹೇಳಲು ಹೊರಡುತ್ತಾನೆ, ಅಲ್ಲಿಗೆ ಅಚ್ಚು ಕೆಟ್ಟಿತು. ಕ್ಲಿಂಟ್ ಬಾತುಕೋಳಿ ನೋಡುತ್ತಾನೆ. ಆರ್ಡಿಸ್ ಅವನ ಹೆಬ್ಬೆರಳನ್ನು ಎದೆಯ ಕಡೆಗೆ ಉರುಳಿಸುತ್ತಾರೆ, ಉಳಿದ ಬೆರಳುಗಳನ್ನು ಎದೆಯಿಂದ ಆಚೆಗೆ. ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ಒಂದೇ ಉಸಿರಿನಲ್ಲಿ, ಎಲ್ಲಿಯೂ ತಡೆಯದೆ. ಒಂದು ಕಾರ್ಡಿಗೆ ಹದಿನಾಲ್ಕು ಗುರುತು: ಹತ್ತು ಬೆರಳು ಒಂದೊಂದಾಗಿ, ಆಮೇಲೆ ಎರಡೂ ಕೈಯ ನಾಲ್ಕು ನಾಲ್ಕು ಬೆರಳು ಒಟ್ಟಿಗೆ, ಕೊನೆಗೆ ಎರಡು ಹೆಬ್ಬೆರಳು. ಆರೂಕಾಲಿಗೆ ಕ್ಲಿಂಟ್ ಕಿತ್ತಳೆ ವಾಸನೆಯ ಸೋಪಿನಲ್ಲಿ ಕೈ ತೊಳೆದುಕೊಂಡು ಬಸ್ಸಿಗೆ ಓಡುತ್ತಾನೆ. ಥ್ಯಾಂಕ್ಸ್ ಹೇಳುವುದನ್ನು ಮರೆಯುತ್ತಾನೆ. ಎಲ್ಲರೂ ಮರೆಯುತ್ತಾರೆ. ಕೈಯ ಶಾಯಿ ಹೋಗುವುದರೊಳಗೆ ಹಚ್ಚಿದವರ ನೆನಪೂ ಹೋಗಿರುತ್ತದೆ.

ಆರ್ಡಿಸ್‌ಗೆ ಈಗ ಅರವತ್ತೆಂಟು. ಈ ಮೇಜಿನ ಹಿಂದೆ ನಿಂತು ಇಪ್ಪತ್ತೇಳು ವರ್ಷ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರರಿಂದ ಹತ್ತು. ದಿನಕ್ಕೆ ಐದೋ ಆರೋ ಜನ: ಹೊಸ ನರ್ಸು, ಬದಲಿ ಶಿಕ್ಷಕಿ, ಮಗುವನ್ನು ದತ್ತು ತೆಗೆದುಕೊಳ್ಳುವ ದಂಪತಿ, ಬಂದೂಕು ಮಾರುವ ಪರವಾನಗಿ ಬೇಕೆನ್ನುವವರು. ಇಷ್ಟು ಬೇಗ ಯಾಕೆ ಬಾಗಿಲು ತೆಗೆಯುತ್ತೀರಿ ಎಂದರೆ ಅವರ ಉತ್ತರ ಸರಳ. "ಕೆಲಸ ಮಾಡೋರ ಕೈ ಬೆಳಿಗ್ಗೆ ಮಾತ್ರ ಖಾಲಿ ಇರುತ್ತೆ. ಬೆವರೂ ಇರಲ್ಲ."

ಮೊದಲು ಅವರು ಇದೇ ಕಟ್ಟಡದ ಜೈಲಿನಲ್ಲಿ ಅಡುಗೆಯವರು. ಗಂಡ ಮರ್ವಿನ್ ಕುರಿಮಂದೆ ಮಾರಿದ ವರ್ಷ ಬಂದು ಸೇರಿದರು. ಆಗ ಬೆರಳಚ್ಚು ತೆಗೆಯುತ್ತಿದ್ದ ಪೊಲೀಸಿನವನದು ಗದ್ದೆ ಉಳುವ ಕೈ. ಅವನು ಒತ್ತಿದ ಕಾರ್ಡುಗಳು ಕಳಿಸಿದಷ್ಟೂ ವಾಪಸು ಬರುತ್ತಿದ್ದವು. ಒಂದು ದಿನ ಊಟದ ತಟ್ಟೆ ತೆಗೆದುಕೊಂಡು ಹೋಗಲು ಬಂದ ಆರ್ಡಿಸ್ ನಿಂತು ನೋಡಿದರು. "ಲೆಫ್ಸೆ ಲಟ್ಟಿಸೋಕೆ ಬರದೇ ಇರೋನ ಹಾಗೆ ಒತ್ತುತಿದ್ದ," ಎಂದು ನೆನೆಯುತ್ತಾರೆ. ಲೆಫ್ಸೆ ಎಂದರೆ ಕ್ರಿಸ್‌ಮಸ್‌ಗೆ ಮಾಡುವ ಆಲೂಗಡ್ಡೆಯ ರೊಟ್ಟಿ. ಬೆಳಕು ತೂರಿ ಬರುವಷ್ಟು ತೆಳ್ಳಗಿರಬೇಕು, ಹರಿಯಬಾರದು. "ಭಾರ ಹಾಕಬಾರದು. ಲಟ್ಟಣಿಗೆಯ ತೂಕವೇ ಸಾಕು. ನಾನು ನೋಡ್ಲಾ ಅಂದೆ. ಅವನು ಬದುಕಿದೆ ಅಂದ್ಕೊಂಡು ಕಾಫಿ ಕುಡಿಯೋಕೆ ಹೋದ. ಇನ್ನೂ ವಾಪಸ್ ಬಂದಿಲ್ಲ."

ಅವರ ಕೈಗೆ ಬಂದ ಬೆರಳುಗಳಿಂದಲೇ ಅವರು ಊರನ್ನು ಓದುತ್ತಾರೆ. ನರ್ಸುಗಳ ಬೆರಳು ಔಷಧಿ ನೀರಿನಲ್ಲಿ ತೊಳೆದು ತೊಳೆದು ಒಣಗಿರುತ್ತದೆ. ಇಟ್ಟಿಗೆ ಕಟ್ಟುವವರದು ಸವೆದಿರುತ್ತದೆ. ಬೇಲಿ ಹಾಕುವವರ ಬೆರಳುಗಳಲ್ಲಿ ಮುಳ್ಳುತಂತಿಯ ಗೀರು ಗೆರೆಗಳನ್ನು ಅಡ್ಡ ಕತ್ತರಿಸಿಕೊಂಡು ಹೋಗಿರುತ್ತದೆ, ಹೊಲದ ಮಧ್ಯೆ ಹೊಸ ರಸ್ತೆ ಹಾಕಿದ ಹಾಗೆ. ಅವಳಿ ಅಕ್ಕತಂಗಿಯರು ಬಂದಿದ್ದರು. ಹೆತ್ತ ತಾಯಿಗೆ ಗುರುತು ಸಿಗುತ್ತಿರಲಿಲ್ಲ, ಹೆಬ್ಬೆರಳಿಗೆ ಸಿಕ್ಕಿತು. "ಇಷ್ಟು ವರ್ಷ ಆಯ್ತು. ಒಂದರ ಹಾಗೆ ಇನ್ನೊಂದನ್ನ ನಾನು ನೋಡಿಲ್ಲ," ಎನ್ನುವಾಗ ಅವರ ದನಿ ತಗ್ಗುತ್ತದೆ. ಪ್ರತಿ ಭಾನುವಾರ ಚರ್ಚಿನಲ್ಲಿ ಬೈಬಲ್ ಪಾಠ ಓದುವುದೂ ಅವರೇ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ಗೊತ್ತಿರುವ ಓದು ಅದು. ಬೆರಳು ಉರುಳಿಸುವಾಗಲೂ ಅದೇ ನಡೆ.

ಈ ಬೇಸಗೆಯಲ್ಲಿ ಆ ಕೈಗೆ ಒಂದು ಪರೀಕ್ಷೆ ಬಂತು. ಅದನ್ನು ತಂದವರು ಓರಿನ್ ಹೌಗ್ಲಂಡ್.

ಓರಿನ್ ನಮ್ಮೂರಿನ ಬಂದೂಕು ರಿಪೇರಿಯವರು. ನಲವತ್ತೊಂದು ವರ್ಷದಿಂದ ಮುಖ್ಯ ಬೀದಿಯ ಕೊನೆಯ ಅಂಗಡಿ. ಚಳಿಗಾಲಕ್ಕೆ ಮಾಂಸ ಬೇಟೆಯಿಂದಲೇ ಬರುವ ಊರಿನಲ್ಲಿ ಅವರ ಕೈ ತಾಗದ ಬಂದೂಕಿಲ್ಲ. ಕಬ್ಬಿಣದ ಕೆಲಸ ಅವರದು, ಮರದ ಹಿಡಿ ಕೆತ್ತುವ ಕೆಲಸ ಮಗಳು ರೋಂಡಾ ಅವರದು. ಓರಿನ್ ಮತ್ತು ಆರ್ಡಿಸ್ ಒಂದೇ ಶಾಲೆ, ಒಂದೇ ಬೆಂಚು. ರೋಂಡಾಗೆ ನಲವತ್ತನಾಲ್ಕಾದರೂ ಆರ್ಡಿಸ್ ಇನ್ನೂ 'ಮಿಸೆಸ್ ಲೊಕೆನ್' — ಭಾನುವಾರದ ಶಾಲೆಯಲ್ಲಿ ಪಾಠ ಹೇಳಿದವರು.

ಹೋದ ಚಳಿಗಾಲ ಓರಿನ್‌ಗೆ ಎದೆನೋವು ಬಂತು. ಹೃದಯದ ಕವಾಟ ಬದಲಿಸಬೇಕು, ಸೆಪ್ಟೆಂಬರ್ ಒಂಬತ್ತಕ್ಕೆ ಆಪರೇಷನ್ ಎಂದು ಬಿಲ್ಲಿಂಗ್ಸ್ ನಗರದ ವೈದ್ಯರು ದಿನ ಗೊತ್ತುಮಾಡಿದರು. ಅವರ ಬಂದೂಕು ಪರವಾನಗಿ ಮುಗಿಯುವುದು ಅಕ್ಟೋಬರ್ ಒಂದಕ್ಕೆ. ಅದು ಅವರೊಬ್ಬರ ಹೆಸರಿನಲ್ಲಿದೆ. ಆಪರೇಷನ್ ಮೇಜಿನಿಂದ ಅವರು ಏಳದೇ ಹೋದರೆ, ಬೇಟೆಯ ಕಾಲದ ನಡುವೆ ಅಂಗಡಿಗೆ ಬೀಗ. ಊರಿನವರ ಬಂದೂಕುಗಳೆಲ್ಲ ಒಳಗೆ, ರೋಂಡಾ ಹೊರಗೆ. ಲೆಕ್ಕಪತ್ರ ನೋಡುವವನ ಮಾತು ಕೇಳಿ ಅಪ್ಪ ಮಗಳು ಸೇರಿ ಸೀಮಿತ ಹೊಣೆಗಾರಿಕೆಯ ಕಂಪನಿ ಮಾಡಿಕೊಂಡರು. ರಾಜ್ಯ ಸರ್ಕಾರದ ಕಾಗದ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. 'ಹೌಗ್ಲಂಡ್ ಮತ್ತು ಮಗಳು' ಎಂದು ಹೊಸ ಬೋರ್ಡ್ ಬಂತು. ಓರಿನ್ ಆ ಬೋರ್ಡಿನ ಕೆಳಗೆ ಹಳೆಯ ಪರವಾನಗಿಯನ್ನೇ ನೇತುಹಾಕಿ, ಎಲ್ಲ ಆಯಿತು ಎಂದುಕೊಂಡರು.

ಚರ್ಚಿನ ಕಾಫಿಯ ಹೊತ್ತಿನಲ್ಲಿ ಇದನ್ನು ಕೇಳಿದ ಆರ್ಡಿಸ್ ಲೋಟ ಕೆಳಗಿಟ್ಟರು. ಜಿಲ್ಲೆಯಲ್ಲಿ ಬಂದೂಕು ಮಾರುವವರೆಲ್ಲರ ಬೆರಳು ಹಿಡಿದವರಿಗೆ ಕಾನೂನು ಯಾರೂ ಹೇಳಿಕೊಡಬೇಕಾಗಿಲ್ಲ.

"ಬೋರ್ಡ್ ಇಳಿಸು ಓರಿನ್."

"ಯಾಕೆ? ಬಣ್ಣ ಚೆನ್ನಾಗಿಲ್ವಾ?"

"ಆ ಲೈಸೆನ್ಸು ಅಂಗಡಿಗಲ್ಲ, ನಿನಗೆ."

"ನಾನೇ ಅಂಗಡಿ ಅಲ್ವೇನೇ?"

"ಇಷ್ಟು ದಿನ ಹೌದು. ಈಗ ಕಾಗದದಲ್ಲಿ ಇನ್ನೊಬ್ಬ ಹುಟ್ಟಿದಾನೆ, ಕಂಪನಿ ಅಂತ. ಅವನಿಗೆ ಬೇರೆ ಲೈಸೆನ್ಸ್ ಬೇಕು. ಮೊದಲನೇ ಪುಟದಿಂದ."

"ಅವನಿಗೆ ವಯಸ್ಸೆಷ್ಟು?"

"ಎರಡು ತಿಂಗಳು."

"ಹಾಗಾದ್ರೆ ಬಂದೂಕು ಮುಟ್ಟೋ ವಯಸ್ಸಲ್ಲ ಬಿಡು."

ನಗೆ ಅಲ್ಲಿಗೇ ನಿಂತಿತು. ಆರ್ಡಿಸ್ ಕೈ ಒರೆಸುವ ಕಾಗದದ ಹಿಂದೆ ಪಟ್ಟಿ ಬರೆದುಕೊಟ್ಟರು. ಕಂಪನಿ ಹುಟ್ಟಿದ ಕಾಗದ, ಅಂಗಡಿಯ ಜಾಗದಲ್ಲಿ ಈ ವ್ಯಾಪಾರ ನಡೆಸಬಹುದು ಎಂಬ ಊರಿನ ಒಪ್ಪಿಗೆ, ಬಾಗಿಲು ತೆರೆಯುವ ಹೊತ್ತು, ಕಂಪನಿಯಲ್ಲಿ ಮಾತು ನಡೆಯುವ ಪ್ರತಿಯೊಬ್ಬರ ಫೋಟೊ, ಪ್ರತಿಯೊಬ್ಬರ ಎರಡೆರಡು ಬೆರಳಚ್ಚಿನ ಕಾರ್ಡು. ಅರ್ಜಿಯ ಒಂದು ನಕಲು ಶೆರಿಫ್‌ಗೆ. "ಓರಿನ್ ಬಂದೂಕಿನ ವ್ಯವಹಾರಕ್ಕೆ ಇಳೀತಾನಂತೆ ಅಂತ ಸರ್ಕಾರ ನನಗೆ ತಿಳಿಸಿತು," ಎಂದು ನಮ್ಮ ಶೆರಿಫ್ ಇಂದಿಗೂ ಹೇಳಿಕೊಂಡು ನಗುತ್ತಾರೆ. "ನನ್ನ ಸೊಂಟದಲ್ಲಿರೋದು ಅವನು ರಿಪೇರಿ ಮಾಡಿದ್ದೇ."

ಆರ್ಡಿಸ್ ಇದನ್ನು ಹೇಳುವ ರೀತಿ ಬೇರೆ. "ಕಂಪನಿಗೆ ಬೆರಳಿರಲ್ಲ. ಅದು ಸುಳ್ಳು ಹೇಳಿದ್ರೆ ಯಾರ ಕೈ ಹಿಡೀಬೇಕು? ಅದಕ್ಕೇ ಅದನ್ನ ನಡೆಸೋರೆಲ್ಲ ತಮ್ಮ ಬೆರಳನ್ನ ಅದಕ್ಕೆ ಸಾಲ ಕೊಡಬೇಕು. ನನಗಂತೂ ಅದು ನ್ಯಾಯ ಅನ್ನಿಸುತ್ತೆ."

ಮಾರ್ಚಿನಲ್ಲಿ ಬಿಲ್ಲಿಂಗ್ಸ್‌ಗೆ ವೈದ್ಯರನ್ನು ನೋಡಲು ಹೋದಾಗ ಅಪ್ಪ ಮಗಳು ಅಲ್ಲಿನ ಯಂತ್ರದಲ್ಲೇ ಬೆರಳಚ್ಚು ಕೊಟ್ಟು ಬಂದರು. ಹೇಗೂ ಹೋಗಿದ್ದೆವಲ್ಲ ಎಂದು. ಮೇ ಕೊನೆಯ ವಾರ ಪರವಾನಗಿ ಇಲಾಖೆಯ ಪತ್ರ ಬಂತು. ರೋಂಡಾ ಅವರ ಕಾರ್ಡ್ ಸರಿಯಿದೆ. ಓರಿನ್ ಅವರದು ಓದಲಾಗುತ್ತಿಲ್ಲ. ಸರಿಯಾದ ಕಾರ್ಡ್ ಕೈಸೇರಿದ ಮೇಲೆ ಪರವಾನಗಿಗೆ ಸುಮಾರು ಅರವತ್ತು ದಿನ ಬೇಕು. ಮರುದಿನ ಬೆಳಿಗ್ಗೆ ಆರಕ್ಕೇ ಇಬ್ಬರೂ ನೆಲಮಾಳಿಗೆಯಲ್ಲಿದ್ದರು.

ಆರ್ಡಿಸ್ ಓರಿನ್ ಅವರ ಹೆಬ್ಬೆರಳನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಏನು ಕಾಣ್ತಿದೆ?"

"ಚಮಚದ ಬೆನ್ನು."

ನಲವತ್ತೊಂದು ವರ್ಷ ಸಾಣೆಕಲ್ಲಿನ ಮೇಲೆ ಉಕ್ಕನ್ನು ಉಜ್ಜಿದ ಬೆರಳು ಅದು. ಉಕ್ಕು ಎಷ್ಟು ಸವೆಯಿತೋ ಬೆರಳೂ ಅಷ್ಟೇ ಸವೆದಿತ್ತು. ಉಳಿದದ್ದನ್ನು ಎಣ್ಣೆ ಮತ್ತು ತುಕ್ಕು ತೆಗೆಯುವ ದ್ರವ ತಿಂದಿದ್ದವು. ಆರ್ಡಿಸ್ ಸುಲಭದ ದಾರಿಯನ್ನೂ ಮುಚ್ಚಿಡಲಿಲ್ಲ. ಕಂಪನಿಯನ್ನು ರೋಂಡಾ ಒಬ್ಬರ ಹೆಸರಿಗೆ ಬದಲಿಸಿಕೊಳ್ಳಿ, ಆಗ ಓರಿನ್‌ನ ಬೆರಳು ಯಾರೂ ಕೇಳುವುದಿಲ್ಲ ಎಂದರು. ಓರಿನ್ ಆಗಲಿ ಎಂದು ತಲೆಯಾಡಿಸಿದರು. ರೋಂಡಾ ಆಡಿಸಲಿಲ್ಲ.

"ಅಪ್ಪನ ಹೆಸರಿಲ್ಲದ ಅರ್ಜಿಗೆ ನಾನು ಸಹಿ ಹಾಕಲ್ಲ ಮಿಸೆಸ್ ಲೊಕೆನ್."

"ಹಟ ಮಾಡ್ಬೇಡ ಮಗಳೇ. ಅಂಗಡಿ ಉಳಿಯೋದು ಮುಖ್ಯ," ಎಂದರು ಓರಿನ್.

"ನೀನು ಸತ್ತೇ ಹೋಗ್ತೀಯ ಅಂತ ಈಗ್ಲೇ ಬರೆದುಕೊಡು ಅಂತೀಯಲ್ಲಪ್ಪ. ಬರೆಯಲ್ಲ. ಇಬ್ಬರದೂ ಇರ್ಬೇಕು, ಇಲ್ಲಾಂದ್ರೆ ಅಂಗಡಿ ಮುಚ್ಚಿಹೋಗ್ಲಿ."

ಆರ್ಡಿಸ್ ಓರಿನ್ ಕಡೆ ತಿರುಗಿ ಹೇಳಿದರು: "ಹದಿನೈದು ದಿನ ಕೆಲಸ ಬಿಡು. ಕಲ್ಲು ಮುಟ್ಟಬೇಡ, ಎಣ್ಣೆ ಮುಟ್ಟಬೇಡ. ರಾತ್ರಿ ಮುಲಾಮು ಹಚ್ಚಿ ಹತ್ತಿಯ ಕೈಗವಸು ಹಾಕ್ಕೊಂಡು ಮಲಗು. ಚರ್ಮದ ಮೇಲಿರೋದು ಸವೆದಿದೆ ಅಷ್ಟೆ. ಅಡಿಯಲ್ಲಿ ಅಚ್ಚು ಹಾಗೇ ಇರುತ್ತೆ, ಮೇಲೆ ಬರೋಕೆ ಅದಕ್ಕೆ ಸಮಯ ಕೊಡಬೇಕು."

"ಹದಿನೈದು ದಿನ ಕೈಕಟ್ಟಿ ಕೂತ್ರೆ ಆಪರೇಷನ್ ಬೇಕಾಗೇ ಇಲ್ಲ, ಅದಕ್ಕೂ ಮುಂಚೆ ಹೋಗ್ತೀನಿ."

"ಹೋಗು. ಆದ್ರೆ ಅಚ್ಚು ಕೊಟ್ಟು ಹೋಗು."

ಜೂನ್ ತಿಂಗಳಲ್ಲಿ ನಮ್ಮೂರಿನವರು ಕಂಡ ದೃಶ್ಯವೆಂದರೆ ಅದು. ಎಪ್ಪತ್ತು ಸಮೀಪಿಸಿದ ಓರಿನ್ ಬಿಳಿ ಕೈಗವಸು ತೊಟ್ಟು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. "ಏನು ಓರಿನ್, ಮದುವೆಗೆ ಹೊರಟ್ಯಾ?" ಎಂದು ಹೋಗಿಬರುವವರೆಲ್ಲ ಕೇಳುತ್ತಿದ್ದರು. ರೋಂಡಾ ಸಾಣೆಕಲ್ಲುಗಳ ಡ್ರಾಯರಿಗೆ ಬೀಗ ಹಾಕಿ ಬೀಗದಕೈಯನ್ನು ಕೊರಳಿಗೆ ಹಾಕಿಕೊಂಡಿದ್ದರು. ಎರಡು ದಿನಕ್ಕೊಮ್ಮೆ, ನೆಲಮಾಳಿಗೆಯ ಕೆಲಸ ಮುಗಿಸಿ, ಆರ್ಡಿಸ್ ಬಂದು ಬೆರಳು ನೋಡುತ್ತಿದ್ದರು. ಇದಕ್ಕೆ ಅವರಿಗೆ ಸಂಬಳವಿಲ್ಲ. ಅವರ ಗೆಣ್ಣುಗಳಲ್ಲೂ ಸಂಧಿವಾತವಿದೆ. ಬೆಳಿಗ್ಗೆ ಎರಡು ನಿಮಿಷ ಬಿಸಿನೀರಿನಲ್ಲಿ ಇಡದಿದ್ದರೆ ಲಟ್ಟಣಿಗೆ ಹಿಡಿಯಲಾಗುವುದಿಲ್ಲ. ಅದನ್ನು ಅವರಾಗಿ ಹೇಳಲಿಲ್ಲ, ಅವರ ಬಗ್ಗೆ ಬರೆಯಲು ಬಂದ ನಾನು ನೋಡಿದ್ದು.

ಒಂಬತ್ತನೆಯ ದಿನ ಅವರು ಭೂತಗನ್ನಡಿಯನ್ನೇ ಹೊರತೆಗೆಯಲಿಲ್ಲ. ಓರಿನ್ ಅವರ ತೋರುಬೆರಳಿನ ಮೇಲೆ ತಮ್ಮ ಬೆರಳಾಡಿಸಿದರು.

"ಯಾರದು?"

"ಏನು ಯಾರದು?"

"ಯಾರ ಬಂದೂಕು ಅಂದೆ. ಬಲಗೈ ತೋರುಬೆರಳು, ಒಳಗಿನ ಅಂಚು. ನಿನ್ನೆ ಉಜ್ಜಿದೀಯ."

ಓರಿನ್ ಬೀದಿಯ ಕಡೆ ನೋಡಿದರು. "ಕ್ಲಿಂಟ್‌ದು. ಟ್ರಿಗರ್ ಬಿಗಿ ಅಂದ. ಐದೇ ನಿಮಿಷ ಕಣೇ. ಕಲ್ಲೂ ಅವನದೇ."

ಒಳಗಿನಿಂದ ಕೇಳಿಸಿಕೊಂಡ ರೋಂಡಾ ಬಾಗಿಲಿಗೆ ಬಂದರು. ಕೂಗಾಡಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಕೊರಳಿನ ಬೀಗದಕೈಯನ್ನು ತೆಗೆದು ಅಪ್ಪನ ತೊಡೆಯ ಮೇಲಿಟ್ಟರು. "ತಗೋ. ನಾನು ಕಾವಲು ಕಾಯೋಳಲ್ಲ. ನಿನಗೆ ಬೇಡ ಅಂದ್ರೆ ನನಗೂ ಬೇಡ."

ಓರಿನ್ ಆ ಬೀಗದಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಆರ್ಡಿಸ್‌ಗೆ ಕೊಟ್ಟರು. "ನಿನ್ನ ಹತ್ತಿರ ಇಟ್ಕೋ. ನನ್ನ ಮೇಲೆ ನನಗೆ ನಂಬಿಕೆ ಇಲ್ಲ."

ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಮರುದಿನವೇ ಕ್ಲಿಂಟ್ ತಪ್ಪು ಕಾಣಿಕೆಯಾಗಿ ಒಂದು ದೊಡ್ಡ ಡಬ್ಬಿ ಮುಲಾಮು ತಂದುಕೊಟ್ಟ. ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು. "ಅದೇ ಒಳ್ಳೇದು," ಎಂದರು ಆರ್ಡಿಸ್.

ಜೂನ್ ಇಪ್ಪತ್ತೇಳರ ಬೆಳಿಗ್ಗೆ ನಾನೂ ಆ ನೆಲಮಾಳಿಗೆಯಲ್ಲಿದ್ದೆ. ಆರ್ಡಿಸ್ ಆ ದಿನ ಶಾಯಿಯನ್ನು ಎಂದಿಗಿಂತ ಅರ್ಧ ಹಿಂಡಿದರು. ಓರಿನ್ ಹೇಳಿಸಿಕೊಳ್ಳದೆಯೇ ಬಾತುಕೋಳಿಗಳನ್ನು ನೋಡುತ್ತ ನಿಂತರು. ಬಲಗೈಯ ಹೆಬ್ಬೆರಳು ಎದೆಯ ಕಡೆಗೆ ಉರುಳಿತು. ಆರ್ಡಿಸ್ ಅದನ್ನು ಕಾಗದದಿಂದ ಎತ್ತಿದರು. ಮುಂದಿನ ಬೆರಳಿಗೆ ಹೋಗಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಯಾರಿಗೂ ಹೇಳದ ಮಾತು ಹೇಳಿದರು.

"ಗೋಡೆ ನೋಡ್ಬೇಡ ಓರಿನ್. ಇಲ್ಲಿ ನೋಡು."

ಚೌಕದೊಳಗೆ ಒಂದು ಸುಳಿಯಿತ್ತು. ನಡುವೆ ಕಾಳಿನಷ್ಟು ಒಂದು ಬಿಂದು. ಅದರ ಸುತ್ತ ಗೆರೆ, ಗೆರೆಯ ಸುತ್ತ ಗೆರೆ, ನಿಂತ ನೀರಿಗೆ ಹನಿ ಬಿದ್ದು ಅಲೆ ದಡ ಮುಟ್ಟುವ ತನಕ ಯಾರೋ ಕಾದು ಬರೆದ ಹಾಗೆ. ಒಂದು ಗೆರೆಯೂ ತಪ್ಪಿರಲಿಲ್ಲ. ಕಲ್ಲು ಉಜ್ಜಿದ್ದು, ಎಣ್ಣೆ ತಿಂದದ್ದು, ನಲವತ್ತೊಂದು ವರ್ಷ, ಇದ್ಯಾವುದೂ ಅದರವರೆಗೆ ಹೋಗಿ ಮುಟ್ಟಿಯೇ ಇರಲಿಲ್ಲ. ಓರಿನ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಇದು ನಂದಾ?"

"ಮತ್ತಿನ್ಯಾರದು? ನೀನು ಹುಟ್ಟೋಕೆ ಮುಂಚೆನೇ ಬರೆದಿಟ್ಟದ್ದು."

"ಇಷ್ಟು ದಿನ ಎಲ್ಲಿತ್ತು?"

"ಅಲ್ಲೇ. ನೀನು ಕೆಲಸದಲ್ಲಿದ್ದೆ."

ರೋಂಡಾ ಬಗ್ಗಿ ನೋಡಿದರು. ತಮ್ಮ ಹೆಬ್ಬೆರಳನ್ನು ಬೆಳಕಿಗೆ ಹಿಡಿದು, ಕಾಗದ ನೋಡಿ, ಮತ್ತೆ ಬೆರಳು ನೋಡಿದರು. ಅವರದು ಸುಳಿಯಲ್ಲ, ಬಾಗಿದ ಕಮಾನು. ಅಪ್ಪನದು ಅಪ್ಪನಿಗೇ. ಆ ಕೋಣೆಯಲ್ಲಿ ಆಗ ಒಂದು ಮೌನ ಬಂತು. ಪಾಠ ಮುಗಿದು ಪುಸ್ತಕ ಮುಚ್ಚಿದ ಮೇಲೆ, ಯಾರೂ ಏಳುವ ಮೊದಲು ಬರುತ್ತದಲ್ಲ, ಆ ಮೌನ. ಉಳಿದ ಒಂಬತ್ತು ಬೆರಳೂ ಒಂದಾದ ಮೇಲೊಂದು ಕಾಗದಕ್ಕೆ ಇಳಿದವು. ಎರಡು ಕಾರ್ಡ್ ತುಂಬಿತು. ಅಚ್ಚು ತೆಗೆದವರ ಸಹಿ ಎಂಬ ಸಣ್ಣ ಜಾಗದಲ್ಲಿ ಆರ್ಡಿಸ್ ಸಹಿ ಹಾಕಿದರು.

ಕಾರ್ಡ್ ವಾಪಸು ಬರಲಿಲ್ಲ. ಆಗಸ್ಟ್ ಮೊದಲ ವಾರ ಇಲಾಖೆಯ ಅಧಿಕಾರಿಣಿಯೊಬ್ಬರು ಅಂಗಡಿಗೇ ಬಂದು ಇಡೀ ಬೆಳಿಗ್ಗೆ ಕೂತರು. ಯಾವ ಬಂದೂಕು ಯಾರಿಂದ ಬಂತು, ಯಾರಿಗೆ ಹೋಯಿತು ಎಂದು ಬರೆಯುವ ಪುಸ್ತಕವನ್ನು ಹೇಗೆ ಇಡಬೇಕು, ಯಾರಿಗೆ ಮಾರಕೂಡದು, ರಾತ್ರಿ ಬೀಗ ಎಲ್ಲೆಲ್ಲಿ ಎಂದು ಒಂದೊಂದಾಗಿ ಕೇಳಿದರು. ಕಂಪನಿಯಲ್ಲಿ ಕೊನೆಯ ಮಾತು ಯಾರದು ಎಂದಾಗ ಅಪ್ಪ ಮಗಳು ಒಬ್ಬರನ್ನೊಬ್ಬರು ತೋರಿಸಿದರಂತೆ. ಇಬ್ಬರ ಹೆಸರನ್ನೂ ಬರೆದುಕೊಂಡು ಹೋದರು.

ಪರವಾನಗಿ ಬಂದದ್ದು ಆಗಸ್ಟ್ ಇಪ್ಪತ್ತೆಂಟಕ್ಕೆ. ಮರುದಿನ ಬೆಳಿಗ್ಗೆ ಆರಕ್ಕೆ ರೋಂಡಾ ಅದನ್ನು ಲಕೋಟೆಯಲ್ಲಿ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು ಬರುತ್ತಾರೆ. ಆರ್ಡಿಸ್ ಶಾಯಿಯ ಕೈಯನ್ನು ಹಿಂದಕ್ಕೆ ಹಿಡಿದುಕೊಂಡು, ದೂರದಿಂದಲೇ, ಒಂದೊಂದು ಅಕ್ಷರವನ್ನೂ ಓದುತ್ತಾರೆ. 'ಹೌಗ್ಲಂಡ್ ಮತ್ತು ಮಗಳು.'

"ನೀವು ಬೀಗದಕೈ ವಾಪಸ್ ಕೊಟ್ಟಿದ್ದೇ ತಡ, ಅಪ್ಪ ಕಲ್ಲು ಹಿಡಿದು ಕೂತಿದಾರೆ," ಎನ್ನುತ್ತಾರೆ ರೋಂಡಾ. "ಬೆರಳೆಲ್ಲ ಮತ್ತೆ ನುಣ್ಣಗೆ."

"ಇರ್ಲಿ ಬಿಡು. ಇನ್ನು ಅದನ್ನ ಯಾರೂ ಕೇಳಲ್ಲ."

"ನಿಮಗೆ ಏನಾದ್ರೂ ಮಾಡಿಕೊಡಬೇಕು ಅಂತಾರೆ ಅಪ್ಪ. ಮರ್ವಿನ್ ಅವರ ಹಳೇ ಬಂದೂಕಿಗೆ ಹೊಸ ಹಿಡಿ ಕೆತ್ತಿಕೊಡ್ಲಾ ಮಿಸೆಸ್ ಲೊಕೆನ್?"

ಬೇಡ ಎಂದು ಆರ್ಡಿಸ್ ತಲೆಯಾಡಿಸುತ್ತಾರೆ. ಕೈ ಒರೆಸಿಕೊಳ್ಳುತ್ತಾರೆ. ಮೆಟ್ಟಿಲ ಮೇಲೆ ಯಾರೋ ಬರುವ ಸದ್ದು, ಹೊಸ ನರ್ಸಿರಬೇಕು. ಗಾಜಿನ ಮೇಲೆ ಶಾಯಿ ಸಿದ್ಧವಾಗಿದೆ.

"ಆಪರೇಷನ್ ದಿನ ಒಳಗೆ ಕರ್ಕೊಂಡು ಹೋಗೋ ಮುಂಚೆ, ಅವನ ಎಡಗೈ ಒಂದು ನಿಮಿಷ ನೀನು ಹಿಡ್ಕೊಂಡಿರು. ಬಲಗೈಗಿಂತ ಅದು ತಣ್ಣಗಿರುತ್ತೆ. ಅಲ್ಲಿನೋರಿಗೆ ಗೊತ್ತಿರಲ್ಲ."